ಬಟ್ಟಲಿನ ಲೆಕ್ಕ ತಕ್ಕಡಿಗೆ ಒಪ್ಪದಾಗ: ಅಡುಗೆ ಅಳತೆಯ ದೋಷ ನಿವಾರಣೆ ಕೈಪಿಡಿ

ದೀಪಾವಳಿಗೆ ಎರಡು ದಿನ ಮುಂಚೆ, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮೂರು ಕನ್ನಡ ಮನೆಗಳವರು ಸೇರಿ ಮೈಸೂರು ಪಾಕ್ ಮಾಡಲು ಹೊರಟೆವು. ಊರಿನಿಂದ ಬಂದಿದ್ದ ಲೆಕ್ಕ ಬಾಯಿಪಾಠವಾಗುವಷ್ಟು ಸುಲಭವಾಗಿತ್ತು: ಕಡಲೆಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಎರಡು. ಕಿರಾಣಿ ಅಂಗಡಿಯಿಂದ ಅರ್ಧ ಕಿಲೋ ಕಡಲೆಹಿಟ್ಟು, ಒಂದು ಕಿಲೋ ಸಕ್ಕರೆ, ಒಂದು ಕಿಲೋ ತುಪ್ಪ ತಂದು, ಪೊಟ್ಟಣಗಳನ್ನು ಒಡೆದು ಹಾಗೆಯೇ ಬಳಸಿದೆವು. ಒಂದಕ್ಕೆ ಎರಡು, ಎರಡು. ಲೆಕ್ಕ ಸರಿಯಾಗಿಯೇ ಇದೆಯೆಂದು ಮೂವರೂ ನಂಬಿದ್ದೆವು. ಆದರೆ ತುಪ್ಪ ಬಿಟ್ಟು ನೊರೆಯೇಳುವ ಮೊದಲೇ ಬಾಣಲೆಯಲ್ಲಿ ಹಿಟ್ಟು ಮುದ್ದೆ ಕಟ್ಟಿತು. ತಟ್ಟೆಗೆ ಹರಡಿ ಕೊಯ್ದಾಗ ಬಂದದ್ದು ಗಟ್ಟಿಯಾದ, ಒಣಗಿದ, ಕಡಲೆಹಿಟ್ಟಿನ ವಾಸನೆಯೇ ಮೇಲಾದ ತುಂಡುಗಳು. ಅಂಗಡಿಯವನ ಹಿಟ್ಟು ಸರಿಯಿಲ್ಲವೆಂದು ಒಬ್ಬರು, ಪಾಕ ಒಂದೆಳೆ ದಾಟಿತ್ತೆಂದು ಇನ್ನೊಬ್ಬರು, ಉರಿ ಹೆಚ್ಚಾಯಿತೆಂದು ಮತ್ತೊಬ್ಬರು ದೂರಿದೆವು. ನಿಜವಾದ ದೋಷ ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ.

ಊರಿನ ಲೆಕ್ಕ ಅಳತೆಯದು. ನಾವು ಹಾಕಿದ್ದು ತೂಕ. 240 ಮಿಲಿಲೀಟರ್ ಹಿಡಿಯುವ ಬಟ್ಟಲಿಗೆ ಕಡಲೆಹಿಟ್ಟನ್ನು ಸಡಿಲವಾಗಿ ತುಂಬಿದರೆ ಸುಮಾರು 100 ಗ್ರಾಂ ಹಿಡಿಯುತ್ತದೆ. ಅದೇ ಬಟ್ಟಲಿಗೆ ಸಕ್ಕರೆ 200 ಗ್ರಾಂ, ಕರಗಿದ ತುಪ್ಪ 218 ಗ್ರಾಂ ಆಸುಪಾಸು. ಅಂದರೆ ಬಟ್ಟಲಿನಲ್ಲಿ ಒಂದು, ಎರಡು, ಎರಡು ಆಗಿದ್ದದ್ದು ತಕ್ಕಡಿಯ ಮೇಲೆ ಒಂದು, ನಾಲ್ಕು, ನಾಲ್ಕಕ್ಕಿಂತ ತುಸು ಹೆಚ್ಚು ಆಗುತ್ತದೆ. ಅರ್ಧ ಕಿಲೋ ಹಿಟ್ಟಿಗೆ ಎರಡು ಕಿಲೋ ಸಕ್ಕರೆ ಬೇಕಿದ್ದಲ್ಲಿ ನಾವು ಅದರ ಅರ್ಧವನ್ನಷ್ಟೇ ಹಾಕಿದ್ದೆವು. ಪಾಕವಿಧಾನವನ್ನು ಯಾರೂ ತಪ್ಪಾಗಿ ಹೇಳಿರಲಿಲ್ಲ, ಯಾರೂ ತಪ್ಪಾಗಿ ತೂಗಿಯೂ ಇರಲಿಲ್ಲ. ಅಳತೆಯ ಮಾತು ಯಾರಿಗೂ ಅರಿವಾಗದೆ ತೂಕದ ಮಾತಾಗಿ ಬದಲಾಗಿತ್ತು.

ಆ ಸಂಜೆಯ ನಂತರ ನಾನು ಅಡುಗೆಮನೆಯಲ್ಲಿ ಕೂತು, ಇಂಥ ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂಬುದನ್ನು ಒಂದೊಂದಾಗಿ ಹಿಡಿಯಲು ಪ್ರಯತ್ನಿಸಿದೆ. ಅದರ ಫಲ ಈ ಬರಹ. ಅಳತೆಯನ್ನು ತೂಕಕ್ಕೆ ತಿರುಗಿಸುವ ಅಂಕಿ ಯಾವ ಪಟ್ಟಿಯಲ್ಲಿಯೂ ಸಿಗುತ್ತದೆ. ಆದರೆ ದೋಷ ಅಂಕಿಯಲ್ಲಿರುವುದು ಅಪರೂಪ. ಹೆಚ್ಚಾಗಿ ಅದು ಪಾತ್ರೆಯಲ್ಲಿ, ತುಂಬುವ ಕೈಯಲ್ಲಿ, ಪದಾರ್ಥದ ರೂಪದಲ್ಲಿ ಅಥವಾ ತಕ್ಕಡಿಯಲ್ಲಿ ಇರುತ್ತದೆ. ಈ ನಾಲ್ಕರಲ್ಲಿ ಯಾವುದು ಎಂದು ಗುರುತಿಸುವ ಮುನ್ನ ಪಟ್ಟಿಯನ್ನು ಬದಲಿಸುವುದು, ಜ್ವರ ಯಾವುದೆಂದು ತಿಳಿಯದೆ ಮಾತ್ರೆ ಬದಲಿಸಿದ ಹಾಗೆ.

ಲಕ್ಷಣವನ್ನು ಓದುವುದು

ಮೊದಲು ಕೆಟ್ಟ ಅಡುಗೆಯನ್ನೇ ಸಾಕ್ಷಿಯಾಗಿ ವಿಚಾರಿಸಬೇಕು. ರುಚಿಯೂ ಹದವೂ ಸರಿಯಾಗಿದ್ದು, ಮಾಡಿದ್ದು ಮಾತ್ರ ಹೇಳಿದ್ದಕ್ಕಿಂತ ಕಡಿಮೆಯೋ ಹೆಚ್ಚೋ ಆಗಿದ್ದರೆ, ಬಟ್ಟಲಿನ ಗಾತ್ರ ಬೇರೆಯಾಗಿದೆ ಎಂದು ಅರ್ಥ. ಎಲ್ಲವನ್ನೂ ಒಂದೇ ಬಟ್ಟಲಿನಲ್ಲಿ ಅಳೆದಿದ್ದರೆ ಪ್ರಮಾಣ ಉಳಿದೇ ಇರುತ್ತದೆ, ಆದ್ದರಿಂದ ಅಡುಗೆ ಕೆಡುವುದಿಲ್ಲ. ಆದರೆ ಎಣಿಸಿ ಹಾಕುವ ಏಲಕ್ಕಿ, ಚಮಚದಲ್ಲಿ ಹಾಕುವ ಉಪ್ಪು ಮತ್ತು ಸೋಡಾ ಬಟ್ಟಲಿನ ಜೊತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬಟ್ಟಲು ಚಿಕ್ಕದಾದರೆ ಉಪ್ಪು ಮುಂದಾಗುತ್ತದೆ, ದೊಡ್ಡದಾದರೆ ಸಪ್ಪೆಯಾಗುತ್ತದೆ.

ಕಾಳು, ಅಕ್ಕಿ, ಸಕ್ಕರೆ ಇರುವ ಅಡುಗೆ ಚೆನ್ನಾಗಿ ಬಂದು, ಹಿಟ್ಟಿನ ಪದಾರ್ಥಗಳು ಮಾತ್ರ ಪದೇ ಪದೇ ಗಟ್ಟಿಯಾಗುತ್ತಿದ್ದರೆ ಅಥವಾ ನೀರಾಗುತ್ತಿದ್ದರೆ, ತುಂಬುವ ಕೈಯನ್ನು ಅನುಮಾನಿಸಬೇಕು. ಜೇನು, ಎಣ್ಣೆ, ತುಪ್ಪದ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಬರುತ್ತಿದ್ದರೆ ತಕ್ಕಡಿಯ ಮಿಲಿಲೀಟರ್ ಗುಂಡಿಯನ್ನು ನೋಡಬೇಕು. ಸೋಡಾ, ಈಸ್ಟ್, ಕೇಸರಿ ಬಣ್ಣದಂಥ ಚಿಟಿಕೆ ಪದಾರ್ಥಗಳಲ್ಲಿ ಮಾತ್ರ ತೊಂದರೆಯಾದರೆ, ತಕ್ಕಡಿ ಅಷ್ಟು ಸಣ್ಣದನ್ನು ಓದಲಾರದು ಎಂದು ತಿಳಿಯಬೇಕು.

ಇಡ್ಲಿ ಹಿಟ್ಟು ಹುದುಗದಿದ್ದರೆ ಅಳತೆಯನ್ನು ಬಯ್ಯುವುದು ಹೆಚ್ಚಿನ ಸಲ ಅನ್ಯಾಯ. ಅಕ್ಕಿಯೂ ಉದ್ದಿನಬೇಳೆಯೂ 240 ಮಿಲಿಲೀಟರಿಗೆ ಸುಮಾರು 200 ಗ್ರಾಂ ತೂಗುತ್ತವೆ. ಮೂರಕ್ಕೊಂದು ಎಂಬುದು ಅಳತೆಯಲ್ಲಿಯೂ ಮೂರಕ್ಕೊಂದೇ, ತೂಕದಲ್ಲಿಯೂ ಹೆಚ್ಚುಕಡಿಮೆ ಮೂರಕ್ಕೊಂದೇ. ಒಂದೇ ಬಗೆಯಲ್ಲಿ ತೂಗುವ ಪದಾರ್ಥಗಳ ನಡುವೆ ಅಳತೆ, ತೂಕ ಎರಡೂ ಒಂದೇ ಮಾತು ಹೇಳುತ್ತವೆ. ಕಡಲೆಹಿಟ್ಟು ಮತ್ತು ಸಕ್ಕರೆ, ಅವಲಕ್ಕಿ ಮತ್ತು ಬೆಲ್ಲ, ರವೆ ಮತ್ತು ತುಪ್ಪ ಎಂಬಂತೆ ಹಗುರವಾದದ್ದು ಭಾರವಾದದ್ದರ ಜೊತೆ ಸೇರುವಲ್ಲಿ ಮಾತ್ರ ಅವೆರಡೂ ಜಗಳವಾಡುತ್ತವೆ.

ಮೊದಲ ಪರೀಕ್ಷೆ: ಪಾತ್ರೆಗೆ ನೀರು

ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಪಾತ್ರೆಯಿಟ್ಟು, ಸೊನ್ನೆ ಮಾಡಿ, ನೀವು ಸಾಮಾನ್ಯವಾಗಿ ತುಂಬುವ ಮಟ್ಟದವರೆಗೆ ನೀರು ಹಾಕಬೇಕು. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೆಯೋ ಪಾತ್ರೆ ಅಷ್ಟು ಮಿಲಿಲೀಟರ್ ಹಿಡಿಯುತ್ತದೆ. ಮುಂಬಯಿಯ 30 ಡಿಗ್ರಿಯ ನೀರು ಲೀಟರಿಗೆ ಸುಮಾರು 996 ಗ್ರಾಂ ತೂಗುವುದರಿಂದ ಬಟ್ಟಲಿಗೆ ಒಂದು ಗ್ರಾಂ ವ್ಯತ್ಯಾಸ ಬರುತ್ತದೆ, ಅದನ್ನು ಮರೆಯಬಹುದು.

ಈ ಪರೀಕ್ಷೆಯನ್ನು ನನ್ನ ಮನೆಯಲ್ಲಿ ಮಾಡಿದಾಗ, ಇಷ್ಟು ವರ್ಷ ಎಲ್ಲವನ್ನೂ ಒಂದು ಬಟ್ಟಲು ಎಂದೇ ಕರೆದದ್ದಕ್ಕೆ ನಾಚಿಕೆಯಾಯಿತು. ಸ್ಟೀಲ್ ಲೋಟ 210, ಪಕ್ಕದ ಮರಾಠಿ ಮನೆಯವರ ಪಾಕವಿಧಾನಕ್ಕೆಂದು ಇಟ್ಟುಕೊಂಡ ವಾಟಿ 155, ಪ್ಲಾಸ್ಟಿಕ್ ಅಳತೆ ಕಪ್ಪು 240, ಅನ್ನದ ಕುಕ್ಕರಿನ ಜೊತೆ ಬಂದ ಕಪ್ಪು 180. ಕೊನೆಯದು ಬಹಳ ಮನೆಗಳಲ್ಲಿ ಮೋಸ ಮಾಡುತ್ತದೆ. ಅದು ಜಪಾನಿನ ಅಕ್ಕಿಯ ಅಳತೆಯಾದ ಗೋ ಎಂಬುದರ ಗಾತ್ರ. ಅದರಲ್ಲಿ ಅಕ್ಕಿ ಸುಮಾರು 150 ಗ್ರಾಂ ಹಿಡಿಯುತ್ತದೆ. ಕುಕ್ಕರಿನ ಒಳಗಿನ ನೀರಿನ ಗೆರೆಗಳೂ ಈ ಕಪ್ಪಿಗೇ ಹೊಂದಿಕೊಂಡಿರುತ್ತವೆ. ಅದಕ್ಕಿಂತ ದೊಡ್ಡ ಲೋಟದಲ್ಲಿ ಅಕ್ಕಿ ಹಾಕಿ ಆ ಗೆರೆಗೆ ನೀರು ತುಂಬಿದರೆ ಅನ್ನ ಗಟ್ಟಿಯಾಗುವುದು ಕುಕ್ಕರಿನ ತಪ್ಪಲ್ಲ.

ವಿದೇಶದಲ್ಲಿರುವ ಮಕ್ಕಳು ಕಳಿಸುವ ಪಾಕವಿಧಾನಗಳಿಗೂ ಇದೇ ಎಚ್ಚರ ಬೇಕು. ಅಮೆರಿಕದ ಕಪ್ಪು 237 ರಿಂದ 240, ಆಸ್ಟ್ರೇಲಿಯಾದ್ದು 250, ಜಪಾನಿನ ಅಡುಗೆ ಕಪ್ಪು 200 ಮಿಲಿಲೀಟರ್. ಟೇಬಲ್ ಸ್ಪೂನ್ ಹೆಚ್ಚಿನ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ ಮಾತ್ರ 20. ಔನ್ಸ್ ಎಂದಿದ್ದರೆ ಅದು ತೂಕದ ಔನ್ಸೋ ದ್ರವದ ಔನ್ಸೋ ನೋಡಬೇಕು: ಮೊದಲನೆಯದು 28.35 ಗ್ರಾಂ, ಎರಡನೆಯದು ಅಮೆರಿಕದಲ್ಲಿ 29.57 ಮಿಲಿಲೀಟರ್.

ಹಳೆಯ ಅಳತೆಗಳ ವಿಷಯದಲ್ಲಿ ನಮ್ಮ ಗೊಂದಲ ನಮ್ಮ ಭಾಷೆಯೊಳಗೇ ಇದೆ. ಸೇರು ಎಂಬ ಒಂದೇ ಪದ ಅಳತೆಗೂ ತೂಕಕ್ಕೂ ನಡೆಯುತ್ತಿತ್ತು. ತೂಕದಲ್ಲಿಯೂ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದವಿತ್ತು. 80 ತೊಲೆಯ ಸೇರು ಸುಮಾರು 933 ಗ್ರಾಂ. ಮೆಟ್ರಿಕ್ ಕಾನೂನು 1956ರಲ್ಲಿ ಬಂದು, 60ರ ದಶಕದ ಆರಂಭದ ಹೊತ್ತಿಗೆ ಅಂಗಡಿಗಳಿಂದ ಸೇರು ಮರೆಯಾದರೂ, ಅಡುಗೆಮನೆಯ ಮಾತಿನಿಂದ ಮರೆಯಾಗಲಿಲ್ಲ. ಈ ಕಡೆಯ ಹಳೆಯ ಮನೆಗಳಲ್ಲಿ ಪಾಯಲಿಯ ಲೆಕ್ಕವಿದೆ: ನಾಲ್ಕು ಶೇರಿಗೆ ಒಂದು ಪಾಯಲಿ, ಅರ್ಧ ಶೇರಿಗೆ ಮಾಪಟೆ, ಕಾಲಿಗೆ ಚಿಪಟೆ. ಅಜ್ಜಿಯ ಚಕ್ಕುಲಿಗೆ ಎರಡು ಸೇರು ಅಕ್ಕಿ ಎಂದಿದ್ದರೆ, ಪಟ್ಟಿ ನೋಡಿ ಗ್ರಾಂಗೆ ತಿರುಗಿಸಬೇಡಿ. ಆ ಮನೆಯ ಸೇರಿನ ಪಾತ್ರೆ ಇನ್ನೂ ಅಟ್ಟದ ಮೇಲೆ ಇದೆಯೇ ಎಂದು ಕೇಳಿ, ಇದ್ದರೆ ತರಿಸಿ ನೀರು ತುಂಬಿ ತೂಗಿ. ಇಲ್ಲದಿದ್ದರೆ ಅದರ ಜೊತೆಗಿನ ಉಳಿದ ಪದಾರ್ಥಗಳೊಡನೆ ಪ್ರಮಾಣವನ್ನಷ್ಟೇ ಉಳಿಸಿಕೊಳ್ಳಿ.

ಎರಡನೆಯ ಪರೀಕ್ಷೆ: ತಕ್ಕಡಿ ನಿಜ ಹೇಳುತ್ತಿದೆಯೇ

ತಕ್ಕಡಿಯನ್ನು ಪರೀಕ್ಷಿಸಲು ತೂಕದ ಕಲ್ಲುಗಳು ಬೇಕಿಲ್ಲ. ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಹತ್ತು ನಾಣ್ಯಗಳನ್ನು ಒಟ್ಟಿಗೆ ಇಟ್ಟಾಗ 76 ರಿಂದ 78ರೊಳಗೆ ತೋರಿಸಿದರೆ ಸಣ್ಣ ತೂಕದಲ್ಲಿ ತಕ್ಕಡಿ ಆರೋಗ್ಯವಾಗಿದೆ. ದೊಡ್ಡ ತೂಕಕ್ಕೆ ಬೆಳಗಿನ ಅರ್ಧ ಲೀಟರ್ ಹಾಲಿನ ಪೊಟ್ಟಣ ಸಾಕು. ಹಾಲು ನೀರಿಗಿಂತ ತುಸು ಭಾರವಾದ್ದರಿಂದ 500 ಮಿಲಿಲೀಟರ್ ಹಾಲು ಸುಮಾರು 515 ಗ್ರಾಂ, ಪೊಟ್ಟಣ ಸೇರಿ 515 ರಿಂದ 520. ಇಲ್ಲಿ ಸರಿಯಾಗಿ 500 ತೋರಿಸುವ ತಕ್ಕಡಿಯನ್ನು ಕಂಡು ಸಂತೋಷಪಡಬಾರದು. ಅದು ಕಡಿಮೆ ತೂಗುತ್ತಿರಬಹುದು.

ತಪ್ಪು ತೋರಿಸಿದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಕಟ್ಟೆಯ ಇಳಿಜಾರನ್ನು ನೋಡಿ. ಅಗಲ ಪಾತ್ರೆಯ ಅಂಚು ಗೋಡೆಗೋ ಮಿಕ್ಸಿಗೋ ತಾಗಿದ್ದರೂ ತೂಕ ಕಡಿಮೆಯಾಗುತ್ತದೆ. ನಮ್ಮ ಮುಂಬಯಿ ಅಡುಗೆಕಟ್ಟೆಗಳ ಅಗಲಕ್ಕೆ ಇದು ತುಂಬ ಸಾಮಾನ್ಯ. ಒಂದು ಸೂಕ್ಷ್ಮವೂ ಇದೆ. ಕೆಲವು ತಕ್ಕಡಿಗಳು ಸೊನ್ನೆಯ ಹತ್ತಿರದ ಅತಿ ನಿಧಾನದ ಬದಲಾವಣೆಯನ್ನು ತಮ್ಮದೇ ತಪ್ಪೆಂದು ಭಾವಿಸಿ ಮತ್ತೆ ಸೊನ್ನೆಗೆ ತರುತ್ತವೆ. ಆದ್ದರಿಂದ ಚಿಟಿಕೆ ಚಿಟಿಕೆಯಾಗಿ ಉಪ್ಪು ಉದುರಿಸಿದರೆ ಅದು ಲೆಕ್ಕಕ್ಕೇ ಬಾರದೆ ಹೋಗಬಹುದು. ಬೇರೆ ತಟ್ಟೆಯಲ್ಲಿ ತೆಗೆದು ಒಮ್ಮೆಲೇ ಇಡಬೇಕು.

ಒಂದು ಗ್ರಾಂ ಹೆಜ್ಜೆಯಲ್ಲಿ ಓದುವ ತಕ್ಕಡಿ 3 ಗ್ರಾಂ ಎಂದರೆ ಅದು ಎರಡೂವರೆಯೂ ಆಗಿರಬಹುದು, ಮೂರೂವರೆಯೂ ಆಗಿರಬಹುದು. ಆರರಲ್ಲೊಂದು ಪಾಲಿನ ಅನುಮಾನ ಅದರೊಳಗೇ ಇದೆ. ಇಂಥಲ್ಲಿ ತಕ್ಕಡಿಗಿಂತ ಚಮಚವೇ ಮೇಲು. ಅಷ್ಟೂ ನಂಬಿಕೆ ಬರದಿದ್ದರೆ, ಮಟ್ಟಸವಾದ ಹತ್ತು ಚಮಚ ಸೋಡಾ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಬಂದದ್ದನ್ನು ಡಬ್ಬಿಯ ಮೇಲೆ ಬರೆದಿಡಿ.

ಇನ್ನು ಮಿಲಿಲೀಟರ್ ಗುಂಡಿ. ಬಹಳಷ್ಟು ತಕ್ಕಡಿಗಳಲ್ಲಿರುವ ಈ ಗುಂಡಿ ನಿಮ್ಮ ಪಾತ್ರೆಯಲ್ಲಿರುವುದು ನೀರು ಎಂದು, ಕೆಲವದರಲ್ಲಿ ಹಾಲು ಎಂದು, ಊಹಿಸಿಕೊಂಡು ತೂಕಕ್ಕೇ ಬೇರೆ ಹೆಸರು ಕೊಡುತ್ತದೆ. ಎಣ್ಣೆ 100 ಮಿಲಿಲೀಟರ್ ಎಂದು ಅದು ತೋರಿಸಿದಾಗ ಪಾತ್ರೆಯಲ್ಲಿ ಸುಮಾರು 109 ಇರುತ್ತದೆ. ಜೇನಾದರೆ 70 ಮಾತ್ರ. ನೀರು, ಹಾಲು ಬಿಟ್ಟು ಬೇರೆಯದಕ್ಕೆ ಆ ಗುಂಡಿಯನ್ನು ಮುಟ್ಟದಿರುವುದೇ ಪರಿಹಾರ.

ಮೂರನೆಯ ಪರೀಕ್ಷೆ: ತುಂಬುವ ಕೈ

ನನ್ನ ಅನುಭವದಲ್ಲಿ ಅತಿ ಹೆಚ್ಚು ದೋಷಗಳು ಸಿಕ್ಕಿರುವುದು ಇಲ್ಲಿ. ಸಕ್ಕರೆಯ ಹರಳು ಗಟ್ಟಿಯಾಗಿ ನೋಡಿದರೆ ಮಿಲಿಲೀಟರಿಗೆ 1.59 ಗ್ರಾಂ ತೂಗುತ್ತದೆ, ಆದರೆ ಬಟ್ಟಲು ಸಕ್ಕರೆ ಮಿಲಿಲೀಟರಿಗೆ 0.83ರಷ್ಟೇ. ಅಂದರೆ ಬಟ್ಟಲಿನಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿ. ಹರಳುಗಳು ಜಾರಿ ಹೆಚ್ಚುಕಡಿಮೆ ಒಂದೇ ರೀತಿ ಕೂರುವುದರಿಂದ ಈ ಗಾಳಿಯ ಪಾಲು ಸಕ್ಕರೆಯಲ್ಲಿ, ಅಕ್ಕಿಯಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಹಿಟ್ಟಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಗೂಡು ಕಟ್ಟುತ್ತವೆ. ಕುಲುಕಿದರೆ ಗೂಡು ಕುಸಿಯುತ್ತದೆ, ಜರಡಿ ಹಿಡಿದರೆ ಮತ್ತೆ ಏಳುತ್ತದೆ. 240 ಮಿಲಿಲೀಟರ್ ಬಟ್ಟಲಿಗೆ ಮೈದಾವನ್ನು ಚಮಚದಿಂದ ಹಗುರವಾಗಿ ಹಾಕಿ ಚಾಕುವಿನಿಂದ ಗೀರಿದರೆ 120 ಗ್ರಾಂ ಸುತ್ತಮುತ್ತ, ಬಟ್ಟಲನ್ನೇ ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150ರವರೆಗೆ. ಎರಡೂ ಒಂದೊಂದು ಬಟ್ಟಲೇ, ನಡುವೆ ಕಾಲು ಭಾಗದ ಅಂತರ. ಪಟ್ಟಿಯಲ್ಲಿ ಮುದ್ರಿತವಾದ ಅಂಕಿಗೆ ನಿಮ್ಮ ಕೈ ಯಾವ ಜಾತಿಯದು ಎಂದು ಗೊತ್ತಿರುವುದಿಲ್ಲ.

ಪರೀಕ್ಷೆ ಸರಳ. ಒಂದೇ ಬಟ್ಟಲಿನಲ್ಲಿ ಅದೇ ಹಿಟ್ಟನ್ನು ಮೂರು ಸಲ ತುಂಬಿ, ಪ್ರತಿಸಲ ತೂಗಿ, ಡಬ್ಬಿಗೆ ಸುರಿದು ಕಲಕಿ ಮತ್ತೆ ತುಂಬಿ. ಮೂರೂ ಐದು ಗ್ರಾಂನೊಳಗೆ ಬಂದರೆ ನಿಮ್ಮ ಕೈಯನ್ನು ನಂಬಬಹುದು, ಅದರ ಸರಾಸರಿಯೇ ನಿಮ್ಮ ಮನೆಯ ಅಂಕಿ. ಅದಕ್ಕಿಂತ ಹೆಚ್ಚು ಓಲಾಡಿದರೆ ಹಿಟ್ಟನ್ನು ಅಳೆಯುವುದನ್ನು ಬಿಟ್ಟು ತೂಗುವುದೇ ವಾಸಿ. ಗಿರಣಿಯಿಂದ ಆಗತಾನೆ ಬಂದ ಬೆಚ್ಚಗಿನ ಹಿಟ್ಟನ್ನು ಆ ದಿನವೇ ಪರೀಕ್ಷೆಗೆ ತೆಗೆದುಕೊಳ್ಳಬೇಡಿ. ಅದು ಆರಿ, ಡಬ್ಬಿಯಲ್ಲಿ ಕೂತ ಮೇಲೆ ಬೇರೆಯೇ ಅಂಕಿ ಕೊಡುತ್ತದೆ. ಗುಡ್ಡೆಯಾಗಿ ತುಂಬುವ ಅಭ್ಯಾಸವಿದ್ದವರು ಇನ್ನಷ್ಟು ಎಚ್ಚರವಾಗಿರಬೇಕು. ಅಂಗಡಿಯಲ್ಲಿ ಕೊಸರು ಕೇಳುವುದು ನಮ್ಮ ಹಕ್ಕು, ಒಪ್ಪುತ್ತೇನೆ. ಪಾಕವಿಧಾನಕ್ಕೆ ಕೊಸರು ಹಾಕುವುದು ಬೇರೆ ವಿಷಯ.

ನಾಲ್ಕನೆಯ ಪರೀಕ್ಷೆ: ಪದಾರ್ಥ ಯಾವ ರೂಪದಲ್ಲಿತ್ತು

ಬೆಲ್ಲಕ್ಕೆ ಒಂದು ಬಟ್ಟಲಿನ ತೂಕವೆಂಬುದು ಇಲ್ಲವೇ ಇಲ್ಲ. ಕೊಲ್ಲಾಪುರದ ಅಚ್ಚಿನಿಂದ ಒಡೆದ ಹೆಂಟೆ, ಹೆರೆದದ್ದು, ಅಂಗಡಿಯ ಪುಡಿ, ಒತ್ತಿ ತುಂಬಿದ ಮೆತ್ತನೆಯ ಬೆಲ್ಲ, ಎಲ್ಲವೂ ಬೇರೆ ಬೇರೆ, ಬೆಲ್ಲವನ್ನು ತೂಗಲೇಬೇಕು. ತೆಳು ಅವಲಕ್ಕಿ ಅದೇ ಬಟ್ಟಲಿನ ಅಕ್ಕಿಯ ಅರ್ಧದಷ್ಟೂ ತೂಗುವುದಿಲ್ಲ, ದಪ್ಪ ಅವಲಕ್ಕಿಯ ಲೆಕ್ಕ ಇನ್ನೊಂದು. ಒಂದು ಬಟ್ಟಲು ಕಡಲೆ ಎಂದರೆ ನೆನೆಸುವ ಮುನ್ನವೋ ನಂತರವೋ ಕೇಳಬೇಕು, ಏಕೆಂದರೆ ನೆನೆದ ಕಡಲೆ ಸುಮಾರು ಎರಡರಷ್ಟು ತೂಗುತ್ತದೆ. ಒಂದು ಹೋಳು ತೆಂಗಿನಕಾಯಿಯನ್ನು ಗ್ರಾಂಗೆ ತಿರುಗಿಸುವ ಪ್ರಯತ್ನ ನಾನು ಬಿಟ್ಟಿದ್ದೇನೆ.

ಉಪ್ಪಿನ ವಿಷಯವನ್ನು ಹಗುರವಾಗಿ ಬಿಡುವಂತಿಲ್ಲ. ನುಣ್ಣನೆಯ ಪುಡಿಯುಪ್ಪು ಒಂದು ಟೀ ಚಮಚಕ್ಕೆ, ಅಂದರೆ 5 ಮಿಲಿಲೀಟರಿಗೆ, ಸುಮಾರು 6 ಗ್ರಾಂ ತೂಗುತ್ತದೆ. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಹೆಚ್ಚಾದ್ದರಿಂದ ಅದೇ ಚಮಚಕ್ಕೆ ಕಡಿಮೆ ತೂಗುತ್ತದೆ. ಕಲ್ಲುಪ್ಪಿನಲ್ಲಿ ಹೇಳಿದ ಅಳತೆಗೆ ಪುಡಿಯುಪ್ಪು ಹಾಕಿದರೆ ಉಪ್ಪಿನಕಾಯಿ ಬಾಯಿಗಿಡಲಾಗದು, ಅಷ್ಟೇ. ಪುಡಿಯುಪ್ಪಿನ ಅಳತೆಗೆ ಕಲ್ಲುಪ್ಪು ಹಾಕಿದರೆ ಉಪ್ಪು ಸಾಲದೆ, ಜುಲೈ ತಿಂಗಳ ಮಳೆಯಲ್ಲಿ ಭರಣಿಯ ಮೇಲೆ ಬೂಸ್ಟು ಬರುತ್ತದೆ. ಆದ್ದರಿಂದ ಉಪ್ಪಿನಕಾಯಿಗೆ ಮಾವಿನ ಹೋಳನ್ನೂ ಉಪ್ಪನ್ನೂ ತೂಗಿಯೇ ಹಾಕಬೇಕೆಂಬುದು ನನ್ನ ಹಟ. ಕಲ್ಲುಪ್ಪು ಮಳೆಗಾಲದಲ್ಲಿ ನೀರು ಬಿಡುವುದು ಅದರಲ್ಲಿರುವ ಮೆಗ್ನೀಸಿಯಂ ಲವಣಗಳಿಂದ. ತೇವವಾದದ್ದನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ ತೂಗಬೇಕು.

ಹಿಟ್ಟಿನ ವಿಷಯದಲ್ಲಿ ಮಾತ್ರ ಮಳೆಗಾಲವನ್ನು ಬೇಗ ದೂರಬೇಡಿ. ಅರ್ಧ ಕಿಲೋ ಹಿಟ್ಟು ನೂರಕ್ಕೆ ಎರಡರಷ್ಟು ತೇವ ಎಳೆದುಕೊಂಡರೂ ವ್ಯತ್ಯಾಸ 10 ಗ್ರಾಂ. ತುಂಬುವ ಕೈ ಮಾಡುವ ವ್ಯತ್ಯಾಸದ ಮುಂದೆ ಅದು ಏನೂ ಅಲ್ಲ.

ತುಪ್ಪ ಮತ್ತು ಎಣ್ಣೆ: ಲೀಟರೋ ಕಿಲೋವೋ

ಎಣ್ಣೆಯ ಒಂದು ಲೀಟರ್ ಪೊಟ್ಟಣದ ಮೇಲೆ 910 ಗ್ರಾಂ ಸುಮಾರು ಬರೆದಿರುತ್ತದೆ; ಅದು ಮೋಸವಲ್ಲ, ಎಣ್ಣೆ ನೀರಿಗಿಂತ ಹಗುರ. ಬಿಸಿಯಾದಷ್ಟೂ ಎಣ್ಣೆ ಹಿಗ್ಗಿ ಲೀಟರಿನ ತೂಕ ಇಳಿಯುತ್ತದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ತಾಪಮಾನದ ನೆಪವಿಲ್ಲದೆ ಪೊಟ್ಟಣದ ಮೇಲೆ ಅಳತೆಯ ಜೊತೆ ತೂಕವನ್ನೂ ಸರಿಯಾಗಿ ನಮೂದಿಸುವಂತೆ ತಯಾರಕರಿಗೆ ಸೂಚಿಸಿದಾಗ ಕೊಟ್ಟ ಉದಾಹರಣೆ ಇದನ್ನೇ ಹೇಳುತ್ತದೆ: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ಸಂಘದ ಊಟಕ್ಕೆ ಡಬ್ಬಿ ತರಿಸುವವರು 15 ಕಿಲೋ ಡಬ್ಬಿಯೋ 15 ಲೀಟರ್ ಡಬ್ಬಿಯೋ ನೋಡಿ ಬೆಲೆ ಹೋಲಿಸಬೇಕು. ಎರಡನೆಯದರಲ್ಲಿ ಇರುವುದು ಸುಮಾರು 13.65 ಕಿಲೋ.

ತುಪ್ಪವನ್ನು ಕರಗಿಸಿಯೇ ಅಳೆಯಬೇಕು. ಮುಂಬಯಿಯಲ್ಲಿ ವರ್ಷದ ಬಹುಪಾಲು ಅದು ಮೆತ್ತಗಿದ್ದು ತೊಂದರೆ ಕೊಡುವುದಿಲ್ಲ. ಪುಣೆಯ ಜನವರಿಯಲ್ಲಿ ಹರಳುಗಟ್ಟಿದ ತುಪ್ಪವನ್ನು ಚಮಚದಿಂದ ಬಟ್ಟಲಿಗೆ ತುರುಕಿದರೆ ನಡುನಡುವೆ ಗಾಳಿಯ ಗುಳಿಗಳು ಉಳಿದು ಕಡಿಮೆ ಬೀಳುತ್ತದೆ. ತೂಗುವುದಾದರೆ ಕರಗಿಸುವ ಶ್ರಮವೂ ಇಲ್ಲ. ಗಟ್ಟಿಯಾದರೂ ಕರಗಿದರೂ ತೂಕ ಒಂದೇ.

ಸರಿಪಡಿಸಿದ ಬಗೆ

ದೋಷ ಸಿಕ್ಕ ಮೇಲೆ ಮಾಡಬೇಕಾದದ್ದು ಸಣ್ಣ ಕೆಲಸ. ಒಂದೇ ಪಾತ್ರೆಯನ್ನು ಮನೆಯ ಅಳತೆಯೆಂದು ಆರಿಸಿ, ಅದರ ನೀರಿನ ಅಂಕಿ ಬರೆದು, ನೀವು ನಿಜವಾಗಿ ಬಳಸುವ ಹತ್ತು ಹನ್ನೆರಡು ಪದಾರ್ಥಗಳನ್ನು ಅದರಲ್ಲಿ ತುಂಬಿ ತೂಗಿ ಪಕ್ಕದಲ್ಲಿ ಬರೆಯಿರಿ. ಬೇರೆ ಗಾತ್ರದ ಕಪ್ಪಿನ ಪಾಕವಿಧಾನ ಬಂದರೆ ಅದರ ಮಿಲಿಲೀಟರನ್ನು ನಿಮ್ಮದರಿಂದ ಭಾಗಿಸಿ, ಬಂದದ್ದರಿಂದ ನಿಮ್ಮ ಗ್ರಾಂಗಳನ್ನು ಗುಣಿಸಿದರೆ ಮುಗಿಯಿತು.

ಲಕ್ಷ್ಮೀಪೂಜೆಯ ಹಿಂದಿನ ರಾತ್ರಿ ನಾವು ಎರಡನೆಯ ಸಲ ಬಾಣಲೆ ಇಟ್ಟೆವು: ಕಡಲೆಹಿಟ್ಟು 200 ಗ್ರಾಂ, ಸಕ್ಕರೆ 800, ತುಪ್ಪ 870. ಈ ಸಲ ತುಪ್ಪ ಬಿಟ್ಟಾಗ ನೊರೆಯೆದ್ದು ಗೂಡುಗೂಡಾಗಿ ಬಂತು. ಮೂರನೆಯ ಮಹಡಿಯ ಅಕ್ಕ ಮಾತ್ರ ತಕ್ಕಡಿಯನ್ನು ಕೊನೆಯವರೆಗೂ ಒಪ್ಪಲಿಲ್ಲ. "ನಮ್ಮ ಅಮ್ಮ ಪಾವಿನಲ್ಲೇ ಅಳೀತಿದ್ದರು, ಒಂದು ಸಲಾನೂ ಕೆಟ್ಟಿಲ್ಲ ನೋಡಿ" ಎಂದು ತಮ್ಮ ಹಿತ್ತಾಳೆಯ ಪಾವನ್ನು ತಂದು ತೋರಿಸಿದರು. ಎಲ್ಲವನ್ನೂ ಅದೊಂದರಲ್ಲೇ ಅಳೆದಿದ್ದರೆ ಕೆಡಬೇಕಾದ ಕಾರಣವೂ ಇಲ್ಲ ಎಂದು ಒಪ್ಪಿಕೊಂಡು, ಅದಕ್ಕೆ ನೀರು ತುಂಬಿ ತೂಗಿದೆ. ಈಗ ಅದರ ತಳದಲ್ಲಿ ಒಂದು ಚೀಟಿ ಅಂಟಿದೆ: ನೀರು 232, ಅಕ್ಕಿ 194, ಕಡಲೆಹಿಟ್ಟು 98.